ಗುಂಡ್ಯಾನ ಮೂಗು, ನನ್ನ ಮೂಗು

ನಮ್ಮನಿಯಿಂದ ಸಾಧನಕೇರಿ ಕೆರಿ ದಂಡಿಗೆ ನಡಕೋತ ಹೋದ್ರ ಹತ್ತು ನಿಮಿಷದ ದಾರಿ. ನಾನೂ ಗುಂಡ್ಯಾನೂ ಕೂಡಿ ಹೊಂಟ್ರ ಮುಕ್ಕಾಲು ತಾಸು. ದಾರ್ಯಾಗ ಏಳು ಲೈಟ್ ಕಂಬ, ಎರಡು ಗಟಾರದ ಮೂಲಿ, ಒಂದು ಬೇವಿನ ಗಿಡ, ವರ್ಷಗಟ್ಟಲೆ ನಿಂತಲ್ಲೇ ನಿಂತ ಒಂದು ಹಳೇ ಅಂಬಾಸಿಡರ್ ಕಾರು. ಇಷ್ಟಕ್ಕೂ ಹಾಜರಿ ಹಾಕದ ಗುಂಡ್ಯಾ ಮುಂದ ಹೆಜ್ಜಿ ಇಡಂಗಿಲ್ಲ. ಆ ಅಂಬಾಸಿಡರಿನ ಹಿಂದಿನ ಗಾಲಿಗಂತೂ ಅಂವ ಐದು ನಿಮಿಷ ಕೊಡ್ತಾನ. ಗಾಲಿ ಸುತ್ತ ಒಮ್ಮೆ, ಗಾಲಿ ಒಳಗ ಒಮ್ಮೆ, ಮತ್ತ ಮೊದಲು ಮೂಸಿದ ಜಾಗಾಕ್ಕ ಬಂದು ಇನ್ನೊಮ್ಮೆ. ನಾ ಬೆಲ್ಟ್ ಹಿಡಕೊಂಡು ಹೋಗೋ ಬರೋ ಮಂದಿಗೆಲ್ಲಾ ನಮಸ್ಕಾರ ಮಾಡ್ಕೋತ ನಿಂತಿರ್ತೀನಿ.

ಎದುರಿನ ಮನಿಯವರು ಒಂದಿನ ಗೇಟಿನ್ಯಾಗ ನಿಂತು ಕೇಳಿದ್ರು: "ವೈನಿ, ನೀವು ನಾಯಿ ತಿರುಗಸ್ಲಿಕ್ಕೆ ಹೋಗ್ತೀರೋ, ನಾಯಿ ನಿಮ್ಮನ್ನ ನಿಲ್ಲಸ್ಲಿಕ್ಕೆ ಕರಕೊಂಡು ಹೋಗ್ತದೋ?"

ನಾ ನಕ್ಕೆ. ಇನ್ನೇನು ಹೇಳೋದು. ನಾಕು ವರ್ಷದ ಹಿಂದ ಆಗಿದ್ರ ನಾನೂ ಇದನ್ನ ಕೇಳ್ತಿದ್ದೆ.

(ಗುಂಡ್ಯಾಗ "ಅಂವ" ಅಂತ ಬರಿಯೋದಕ್ಕ ನಗಬ್ಯಾಡ್ರಿ. ಎಂಟು ವರ್ಷ ಒಂದ ಮನ್ಯಾಗ ಉಂಡು ಮಲಗಿದವಂಗ "ಅದು" ಅನ್ಲಿಕ್ಕೆ ನಾಲಿಗಿ ಏಳಂಗಿಲ್ಲ.)

ಅಂವ ನಮ್ಮನಿಗೆ ಬಂದಿದ್ದು 2016ರ ಮಳಿಗಾಲದಾಗ. ಮಗಳು ಕಾಲೇಜಿನಿಂದ ಬರೋ ಮುಂದ ಓಢಣಿ ಒಳಗ ಸುತಗೊಂಡು ಬಂದ್ಲು. ಅಂಗೈಯಷ್ಟು ಮರಿ, ಕೆಂಪು ಮಣ್ಣಿನ ಬಣ್ಣ, ಮೂಗಷ್ಟ ಕರ್ರಗ. "ಒಂದು ವಾರ ಅಷ್ಟ ಅಮ್ಮಾ, ಆಮ್ಯಾಲೆ ಯಾರಿಗರ ಕೊಡೋಣು" ಅಂದ್ಲು. ಈಗ ಅಕಿ ಮದುವಿ ಆಗಿ ಪುಣೆದಾಗ ಇದ್ದಾಳ, ಅಕಿಯ ಒಂದು ವಾರ ಇನ್ನೂ ನಮ್ಮನ್ಯಾಗ ಮುಗದಿಲ್ಲ. ತಳಿ ಯಾವುದ್ರೀ ಅಂತ ಯಾರರ ಕೇಳಿದ್ರ ನಮ್ಮನಿಯವರು "ಶುದ್ಧ ಧಾರವಾಡ ಓಣಿ" ಅಂತಾರ. ನಮ್ಮ ಅವ್ವ ಕಡೀ ಎರಡು ವರ್ಷ ನಮ್ಮ ಕಡೆನ ಇದ್ಲು. ಅಕಿ ಮಂಚದ ಕೆಳಗ ಗುಂಡ್ಯಾನ ಜಾಗಾ. ಮಡಿ ಮೈಲಗಿ ಭಾಳ ಮಾಡಾಕಿ ಅವ್ವ, ಮೊದಮೊದಲು "ಹಚ್ಯಾ" ಅಂತಿದ್ಲು. ಆಮ್ಯಾಲೆ ನೋಡಿದ್ರ ರಾತ್ರಿ ಕೈ ಕೆಳಗ ಬಿಟ್ಟು ಅವನ ತಲಿ ಸವರ್ತಿದ್ಲು. 2019ರಾಗ ಅಕಿ ಹೋದ್ಲು.

ಆವಾಗೆಲ್ಲಾ ನಾ ಗುಂಡ್ಯಾನ್ನ ದರದರ ಜಗ್ಗಿಕೊಂಡು ಹೋಗ್ತಿದ್ದೆ. ತಿರುಗಾಟ ಅಂದ್ರ ಅವನ ಹೊಟ್ಟಿ ಖಾಲಿ ಆಗಬೇಕು, ನನ್ನ ಮೊಳಕಾಲು ಸಡಲ ಆಗಬೇಕು, ಏಳೂವರಿಗೆ ಬಂದು ನಾಷ್ಟಾಕ್ಕ ಇಡಬೇಕು. ಅಂವ ಕಂಬಕ್ಕ ಮೂಗು ಹಚ್ಚಿದ ಕೂಡ್ಲೆ "ನಡಿ ನಡಿ, ಏನದ ಅಲ್ಲೆ ಹೊಲಸು" ಅಂತ ಬೆಲ್ಟ್ ಎಳೀತಿದ್ದೆ. ಅಂವ ನಾಕೂ ಕಾಲು ಊರಿ, ಕುತ್ತಿಗಿ ಮುಂದ ಚಾಚಿ, ಇನ್ನೊಂದು ಉಸುರು ಎಳಕೊಂಡು ಬರ್ತಿದ್ದ. ಅದು ಹಟ ಅಂತ ತಿಳದಿದ್ದೆ ನಾನು.

2021ರ ಮೇ ತಿಂಗಳದಾಗ ಮನಿ ಮಂದಿಗೆಲ್ಲಾ ಜ್ವರ ಬಂತು. ಯಾವ ಜ್ವರ ಅಂತ ಬ್ಯಾರೆ ಹೇಳಬೇಕಾಗಿಲ್ಲ. ಎಂಟು ದಿನಕ್ಕ ಮೈ ಹಗುರಾತು, ದೇವರು ದೊಡ್ಡಾಂವ, ದವಾಖಾನಿಗೆ ಹಾಕೋ ಹಂಗ ಆಗ್ಲಿಲ್ಲ. ಒಂಬತ್ತನೇ ದಿನ ಎದ್ದು ಅಡಗಿ ಮನಿಗೆ ಹೋಗಿ ವಗ್ಗರಣಿಗೆ ಇಟ್ಟೆ. ಸಾಸವಿ ಚಟಪಟ ಅಂತು, ಇಂಗು ಹಾಕ್ದೆ, ಕರಿಬೇವು ಹಾಕ್ದೆ. ಏನೂ ಇಲ್ಲ. ಇಂಗಿನ ಡಬ್ಬಿ ಮೂಗಿಗೆ ಹಚ್ಚಿದೆ. ಏನೂ ಇಲ್ಲ. ಟಿವಿ ಚಾಲೂ ಇಟ್ಟು ಆವಾಜು ಪೂರಾ ಬಂದ್ ಮಾಡಿದ್ರ ಹೆಂಗ ಇರ್ತದ, ಹಂಗ ಇತ್ತು ನನ್ನ ಅಡಗಿಮನಿ.

ಮೂಗು ಹೋತು ಅಂದ್ರ ಮಂದಿ ಅದನ್ನ ಭಾಳ ದೊಡ್ಡ ರೋಗ ಅಂತ ತಿಳಕೊಳ್ಳಂಗಿಲ್ಲ. "ಕಣ್ಣು ಹೋಗಿಲ್ಲಲ್ಲಾ, ಕಿವಿ ಹೋಗಿಲ್ಲಲ್ಲಾ" ಅಂತಾರ. ಮೂವತ್ತು ವರ್ಷ ಮೂಗಿನ ಮ್ಯಾಲೇ ಅಡಗಿ ಮಾಡಿದಾಕಿ ನಾನು. ಅನ್ನ ಆಗೇದ ಅನ್ನೋದು ನಂಗ ವಾಸನಿಯಿಂದ ತಿಳೀತಿತ್ತು, ತುಪ್ಪ ಇಳಸೋದು ವಾಸನಿಯಿಂದ, ಹಿಟ್ಟು ಹುಳಿ ಬಂದದ ಅನ್ನೋದು ವಾಸನಿಯಿಂದ. ಬಾಜೂ ಖೋಲಿಯೊಳಗ ಕೂತು ಹಾಲು ಉಕ್ಕೋದಕ್ಕಿಂತ ಅರ್ಧ ನಿಮಿಷ ಮೊದಲ ಎದ್ದು ಬರ್ತಿದ್ದೆ. ಅವತ್ತು ಒಂದು ಲೀಟರ್ ಹಾಲು ಪೂರಾ ಸೀದು, ಪಾತೇಲಿ ಕರ್ರಗಾಗಿ, ಹೊಗಿ ಪಡಸಾಲಿಗೆ ಬಂದ ಮ್ಯಾಲೆ ನಮ್ಮನಿಯವರು ಓಡಿ ಬಂದು ಗ್ಯಾಸ್ ಬಂದ್ ಮಾಡಿದ್ರು. ನಾ ಅಲ್ಲೇ ಕಟ್ಟಿ ಮುಂದ ಕೂತು ಕೊತಂಬರಿ ಸೋಸ್ಲಿಕತ್ತಿದ್ದೆ.

ಇಲ್ಲೆ "ಗುಂಡ್ಯಾ ಬೊಗಳಿ ನನ್ನನ್ನ ಉಳಿಸಿದ" ಅಂತ ಬರದಿದ್ರ ಓದ್ಲಿಕ್ಕೆ ಛಲೋ ಇರ್ತಿತ್ತು. ಅಂವ ಹಿತ್ತಲದಾಗ ಹೊಟ್ಟಿ ಮ್ಯಾಲೆ ಮಾಡಿ ಮಲಗಿದ್ದ.

ಅವತ್ತಿನಿಂದ ನಂಗ ಗ್ಯಾಸಿನ ಹೆದರಿಕಿ ಹತ್ತಿತು. ಅಡಗಿ ಗ್ಯಾಸಿಗೆ ತನ್ನದು ಅನ್ನೋ ವಾಸನಿ ಇಲ್ಲ. ಸೋರಿದ್ರ ತಿಳೀಲಿ ಅಂತ ಅದಕ್ಕ ಬೇಕಂತನ ಕೊಳತ ವಾಸನಿ ಕೂಡಸಿರ್ತಾರ. ಆ ವಾಸನಿನೂ ತಿಳೀಲಾರದಾಕಿಗೆ ಸಿಲಿಂಡರ್ ಅಂದ್ರ ಏನು? ರಾತ್ರಿ ಎದ್ದೆದ್ದು ಹೋಗಿ ರೆಗ್ಯುಲೇಟರ್ ಮುಟ್ಟಿ ನೋಡ್ತಿದ್ದೆ.

ಮೂಗಿನ ಡಾಕ್ಟರು ಸಮಾಧಾನ ಹೇಳಿದ್ರು. ವೈರಸ್ಸು ವಾಸನಿ ಹಿಡಿಯೋ ನರಕ್ಕಿಂತ ಹೆಚ್ಚಾಗಿ ಅದರ ಆಜೂಬಾಜೂ ಆಸರ ಆಗಿರೋ ಜೀವಕೋಶ ಕೆಡಸ್ತದ, ಅವು ತಿರುಗಿ ಬೆಳೀತಾವ, ಹೆದರಬ್ಯಾಡ್ರಿ ಅಂದ್ರು. ಗುಳಿಗಿಗಿಂತ ಹೆಚ್ಚು ಅಭ್ಯಾಸ ಮಾಡ್ರಿ ಅಂತ ಒಂದು ಚೀಟಿ ಬರದು ಕೊಟ್ರು. ಗುಲಾಬಿ, ನಿಂಬಿಹಣ್ಣು, ಲವಂಗ, ನೀಲಗಿರಿ ಎಣ್ಣಿ. ಮುಂಜಾನೆ ಸಂಜೀಕೆ ಒಂದೊಂದನ್ನೂ ಇಪ್ಪತ್ತು ಸೆಕೆಂಡು ಸಾವಕಾಶ ಮೂಸಬೇಕು, ಮೂಸೋ ಮುಂದ ಅದರ ನೆನಪು ಮಾಡ್ಕೋಬೇಕು. ಜರ್ಮನಿಯ ಒಬ್ಬ ಡಾಕ್ಟರು 2009ರಾಗ ಈ ನಾಕೂ ವಾಸನಿಯಿಂದ ಅಭ್ಯಾಸ ಮಾಡಸಿ, ಮೂಗು ಹೋದವರಿಗೆ ಉಪಯೋಗ ಆಗ್ತದ ಅಂತ ತೋರಿಸ್ಯಾರ ಅನ್ನೋದು ಮಗಳು ಹುಡುಕಿ ಹೇಳಿದ್ಲು.

ದಿನಾ ದೇವರ ಮನಿ ಮುಂದ ನಾಕು ಸಣ್ಣ ಬಾಟ್ಲಿ ಇಟಗೊಂಡು ಕೂಡ್ತಿದ್ದೆ. ಗುಂಡ್ಯಾ ಎದುರಿಗೆ ಬಂದು ಕೂಡ್ತಿದ್ದ. ನೀಲಗಿರಿ ಬಾಟ್ಲಿ ಮುಚ್ಚಳ ತಗದ್ರ ಎದ್ದು ಅಂಗಳಕ್ಕ ಓಡ್ತಿದ್ದ, ಮುಚ್ಚಿದ್ರ ತಿರುಗಿ ಬರ್ತಿದ್ದ. ಲವಂಗಕ್ಕ ಮೂಗು ಹಚ್ಚಿ ನಾ ಕಣ್ಣು ಮುಚ್ಚಿ, ಅವ್ವ ಹಲ್ಲು ಬ್ಯಾನಿಗೆ ಲವಂಗ ಇಟ್ಟಿದ್ದು, ಮದುವಿ ಮನಿ ಮಸಾಲಿ ಅನ್ನ, ಎಲ್ಲಾ ನೆನಸ್ತಿದ್ದೆ. ಒಂದು ತಿಂಗಳು ಏನೂ ಇಲ್ಲ. ಎರಡು ತಿಂಗಳಾತು. ಒಂದು ಲವಂಗದಿಂದ ಒಂದ ಸುದ್ದಿ ತಗೊಳ್ಳಿಕ್ಕೆ ನಾ ಇಷ್ಟು ಒದ್ದಾಡ್ಲಿಕತ್ತೀನಿ. ಇಂವ ಒಂದು ಕಂಬದಿಂದ ಏನೇನು ತಗೋತಾನೋ ಅಂತ ಆವಾಗ ಮೊದಲನೇ ಸಲ ಅನಸ್ತು. ಮರುದಿನ ಬೇವಿನ ಗಿಡದ ಹಂತೇಕ ಅಂವ ನಿಂತಾಗ ಬೆಲ್ಟ್ ಎಳೀಲಿಲ್ಲ. ಆರು ನಿಮಿಷ ನಿಂತ. ಮುಗಿಸಿ ನನ್ನ ಮಾರಿ ನೋಡಿ ತಾನ ಮುಂದ ನಡದ.

ಹತ್ತಿರಹತ್ತಿರ ಐದು ತಿಂಗಳಾದ ಮ್ಯಾಲೆ ಮೂಗಿಗೆ ಬಂದ ಮೊದಲನೇ ವಾಸನಿ ಲವಂಗದ್ದಲ್ಲ, ಗುಲಾಬಿದೂ ಅಲ್ಲ. ಮಳ್ಯಾಗ ತೊಯ್ಸಿಕೊಂಡು ಬಂದ ಗುಂಡ್ಯಾ ನನ್ನ ಬಾಜೂ ನಿಂತು ಮೈ ಝಾಡಿಸಿದ. ಪಕ್ಕನ ಏನೋ ಬಂತು. ಹಸೀ ನಾಯಿ ನಾತ. ನಾ ಅಲ್ಲೇ ನೆಲದ ಮ್ಯಾಲೆ ಕೂತು ಅವನ ಕುತ್ತಿಗಿಗೆ ಮಾರಿ ಹಚ್ಚಿ ಮೂಸಿದೆ, ಮೂಸಿ ಅತ್ತೆ. ನಮ್ಮನಿಯವರು ಗಾಬರಿಯಾಗಿ ಬಂದು "ಏನಾತ, ಕಚ್ಚಿತೇನ?" ಅಂದ್ರು. "ನಾತ ಹೊಡೀಲಿಕತ್ತದರೀ!" ಅಂದೆ. ಅವರಿಗೆ ತಿಳೀಲಿಕ್ಕೆ ಹೊತ್ತು ಹಿಡೀತು.

(ಅದಾದ ಮ್ಯಾಲೂ ಎಲ್ಲಾ ನೆಟ್ಟಗಾಗ್ಲಿಲ್ಲ. ಎಷ್ಟೋ ದಿನ ಉಳ್ಳಾಗಡ್ಡಿ ಹುರದ್ರ ಟಾಯರ್ ಸುಟ್ಟಂಗ ಬರ್ತಿತ್ತು. ಚಹಾದ ವಾಸನಿ ಇವತ್ತಿಗೂ ಅರ್ಧ.)

ಆಮ್ಯಾಲೆ ನಂಗ ನಾಯಿ ಮೂಗಿನ ಹುಚ್ಚ ಹಿಡೀತು. ಮಗಳು ಕಳಿಸಿದ್ದೆಲ್ಲಾ ಕೂತು ನೋಡ್ದೆ, ಓದಿದೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅಂತ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ್ಯಾಗ ನಾಯಿಗಳ ಬುದ್ಧಿ ಮ್ಯಾಲೆ ಅಭ್ಯಾಸ ಮಾಡೋ ಹೆಣ್ಣುಮಗಳು ಇದ್ದಾರ. ಅವರು ಇದರ ಮ್ಯಾಲೆನ ಪುಸ್ತಕ ಬರದಾರ. ನಮ್ಮ ಮೂಗಿನ್ಯಾಗ ವಾಸನಿ ಹಿಡಿಯೋ ಜೀವಕೋಶ ಸುಮಾರು 60 ಲಕ್ಷ ಅಂತಾರ. ನಾಯಿಗೆ, ತಳಿ ಮ್ಯಾಲೆ ಹೆಚ್ಚು ಕಡಿಮಿ, 30 ಕೋಟಿ ತನಕ. ಲೆಕ್ಕ ಬಿಡ್ರಿ, ನಂಗ ಹಿಡಿಸಿದ್ದು ಮೂಗಿನ ರಚನಿ. ನಾಯಿ ಮೂಗಿನ ಹೊಳ್ಳಿ ಬಾಜೂಕ ಒಂದೊಂದು ಸಣ್ಣ ಸೀಳು ಇರ್ತದ, ನಿಮ್ಮನಿ ನಾಯಿದೂ ನೋಡ್ರಿ. ಉಸುರು ಎಳಕೊಳ್ಳೋದು ಮುಂದಿನಿಂದ, ಬಿಡೋದು ಆ ಸೀಳಿನಿಂದ ಬಾಜೂಕ. ನಾವು ಮೂಸಿ ಉಸುರು ಬಿಟ್ರ ಇದ್ದ ವಾಸನಿನೂ ಊದಿ ಓಡಸ್ತೀವಿ. ಅದು ಹಂಗ ಮಾಡಂಗಿಲ್ಲ. ಬಾಜೂಕ ಬಿಟ್ಟ ಗಾಳಿ ಹೊಸಾ ವಾಸನಿನ್ನ ಮುಂದಿನಿಂದ ಒಳಗ ಎಳೀಲಿಕ್ಕೆ ಅನುಕೂಲ ಮಾಡ್ತದ. ಹಿಂಗ ಒಂದು ಸೆಕೆಂಡಿಗೆ ಐದಾರು ಸಲ. ಗುಂಡ್ಯಾ ಗಾಲಿ ಹಂತೇಕ ಫುಸ್ ಫುಸ್ ಅಂತಾನಲ್ಲಾ, ಅದ ಇದು. ಮಣ್ಣಾಗ ಮೂಸೋ ಮುಂದ ಅವನ ಮೂಗಿನ ಎಡಕ್ಕ ಬಲಕ್ಕ ಧೂಳು ಹಾರೋದನ್ನ ನಾ ಬೊಗ್ಗಿ ನೋಡೀನಿ.

ಒಳಗ ಹೋದ ಗಾಳಿನೂ ಎಲ್ಲಾ ಪುಪ್ಪುಸಕ್ಕ ಹೋಗಂಗಿಲ್ಲ. ಒಂದಿಷ್ಟು ಬ್ಯಾರೆ ದಾರಿ ಹಿಡದು ಮೂಗಿನ ಹಿಂದಿನ ಭಾಗಕ್ಕ, ವಾಸನಿ ಹಿಡಿಯೋ ಜಾಗಾಕ್ಕ, ಹೋಗ್ತದ. ನಮ್ಮಲ್ಲೆ ಹೆಂಗ ಸಂತಿಯಿಂದ ಬಂದ ಚೀಲದಾಗ ಕಾಯಿಪಲ್ಲೆ ಅಡಗಿ ಮನಿಗೆ, ಊದಿನಕಡ್ಡಿ ದೇವರ ಮನಿಗೆ ಹೋಗ್ತದೋ ಹಂಗ. ಮೂಗು ಯಾವಾಗಲೂ ಹಸಿ ಇರೋದೂ ಇದಕ್ಕ, ವಾಸನಿ ಅಂಟ್ಕೋಬೇಕಲ್ಲಾ. ಅದೂ ಸಾಲದು ಅಂತ ಬಾಯಿ ಅಂಗಳದ ಮ್ಯಾಲೆ ಇನ್ನೊಂದು ಅಂಗ ಅದ, ಒಂದು ನಾಯಿ ಇನ್ನೊಂದರ ಗುರುತು ಹಿಡಿಯೋ ವಾಸನಿ ತಿಳಕೊಳ್ಳಿಕ್ಕೆ. ಹೆಣ್ಣುನಾಯಿ ಹಾದುಹೋದ ಜಾಗಾದಾಗ ಗುಂಡ್ಯಾ ಹಲ್ಲು ಕಟಕಟ ಮಾಡಿ ನಾಲಿಗಿ ಚಪ್ಪರಸ್ತಾನ. ನಾ ಮೊದಲು ಅಂವಂಗ ಥಂಡಿ ಹತ್ತೇದ ಅನ್ಕೊಂಡಿದ್ದೆ.

ಹಂಗಾದ್ರ ಕಂಬದಾಗ ಏನಿರ್ತದ? ನಮ್ಮೂರಾಗ ಹಣಮಪ್ಪನ ಗುಡಿ ಕಟ್ಟಿ ಇತ್ತು. ನೀರಿಗೆ ಹೋಗೋ ಹೆಣ್ಣುಮಕ್ಕಳು ಅಲ್ಲೆ ಎರಡು ನಿಮಿಷ ಕೊಡ ಇಳಿಸಿದ್ರ ಸಾಕು. ಯಾರ ಮನಿಗೆ ಬೀಗರು ಬಂದಾರ, ಯಾರು ಬಸುರಿದ್ದಾಳ, ಯಾರಿಗೆ ಮೈಯಾಗ ನೆಟ್ಟಗಿಲ್ಲ, ಪೂರಾ ತಿಳೀತಿತ್ತು. ಕಂಬನೂ ನಾಯಿಗಳ ಕಟ್ಟಿನ. ಉಚ್ಚಿ ವಾಸನಿಯೊಳಗ ಗಂಡೋ ಹೆಣ್ಣೋ, ಬೆದಿಗೆ ಬಂದದೋ ಇಲ್ಲೋ, ಪರಿಚಯದ್ದೋ ಹೊರಗಿನದೋ, ಎಲ್ಲಾ ಇರ್ತದ. ಹಳೇ ವಾಸನಿ ಸಣ್ಣಗಾಗಿರ್ತದ, ಹೊಸಾದು ಜೋರಿರ್ತದ, ಅಂದ್ರ ಯಾವಾಗ ಬಂದು ಹೋತು ಅನ್ನೋದೂ ಸಿಗ್ತದ. ಒಬ್ಬ ಮನಿಷಾ ನಡದುಹೋದ ಐದು ಹೆಜ್ಜಿ ಮೂಸಿ ಯಾವ ದಿಕ್ಕಿಗೆ ಹೋದ ಅಂತ ಗುರುತಿಸೋ ನಾಯಿಗಳು ಇದ್ದಾವ. ಹೆಜ್ಜಿಯಿಂದ ಹೆಜ್ಜಿಗೆ ವಾಸನಿ ಒಂದು ಕೂದಲಷ್ಟು ಹೊಸಾದು, ಅಷ್ಟ ಸಾಕು ಅವಕ್ಕ.

ಮಾತು ಬಂತು ಅಂತ ಹೇಳ್ತೀನಿ. ಮೂಸೋದಾದ ಮ್ಯಾಲೆ ಕಾಲು ಎತ್ತಿ ತಂದೂ ಒಂದು ಸುದ್ದಿ ಬರದು ಬರಬೇಕಲ್ಲಾ, ಅದರಾಗೂ ಸುಳ್ಳು ಹೇಳ್ತಾವಂತ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2018ರಾಗ ಪ್ರಕಟ ಮಾಡಿದ ಅಭ್ಯಾಸದಾಗ ಸಣ್ಣ ಗಂಡುನಾಯಿಗಳು ದೊಡ್ಡವಕ್ಕಿಂತ ಕಾಲನ್ನ ಹೆಚ್ಚು ಮ್ಯಾಲೆ ಎತ್ತತಾವ ಅಂತ ಕಂಡದ. ಎತ್ತರಕ್ಕ ಬಿದ್ರ "ಯಾರೋ ಭಾರೀ ನಾಯಿ ಬಂದಿತ್ತು" ಅಂತ ಓದಿದವರು ತಿಳೀಲಿ ಅಂತಿರಬೇಕು ಅನ್ನೋದು ಅವರ ಅಂದಾಜು. ನಮ್ಮ ಹಿಂದಿನ ಓಣಿ ಪೊಮೆರೇನಿಯನ್ ಒಂದು ಕಾಲು ಎತ್ತಿ ಬೀಳೋ ಹಂಗ ಆಗ್ತದ. ಈಗ ತಿಳೀತು ಯಾಕ ಅಂತ.

ನಾಯಿ ಮೂಗಿನ ಕಿಮ್ಮತ್ತು ನಮ್ಮ ಹಿರ್ಯಾರಿಗೆ ಮೊದಲ ಗೊತ್ತಿತ್ತು ಬಿಡ್ರಿ. ಋಗ್ವೇದದಾಗ ಪಣಿಗಳು ಮುಚ್ಚಿಟ್ಟ ಆಕಳ ಹುಡುಕಲಿಕ್ಕೆ ಇಂದ್ರ ಕಳಿಸಿದ್ದು ಸರಮಾ ಅನ್ನೋ ನಾಯಿನ್ನ. ಮಹಾಭಾರತದ ಆದಿಪರ್ವದಾಗ ಅದ ಸರಮಾನ ಮರಿ ಜನಮೇಜಯನ ಯಜ್ಞದ ಜಾಗಾಕ್ಕ ಹೋದಾಗ ಅವನ ತಮ್ಮಂದಿರು ಬಡದು ಓಡಸ್ತಾರ. ನನ್ನ ಮಗಾ ಹವಿಸ್ಸನ್ನ ನೆಕ್ಕಿಲ್ಲ, ನೋಡೂ ಇಲ್ಲ, ಯಾಕ ಬಡದ್ರಿ ಅಂತ ಸರಮಾ ಜಗಳಕ್ಕ ಬರ್ತಾಳ. ಮೂಸಿದ್ನೋ ಇಲ್ಲೋ ಅಂತ ಅಲ್ಲೆ ಯಾರೂ ಕೇಳಂಗಿಲ್ಲ. ಖಂಡಿತ ಮೂಸಿರ್ತಾನ. ನಮ್ಮ ಕಾಲದಾಗಂದ್ರ ದಾವಣಗೆರಿ ಪೊಲೀಸರ ತುಂಗಾ ಇದ್ಲಲ್ಲಾ, ಡಾಬರ್‌ಮನ್, 2020ರಾಗ ಒಂದು ಕೊಲಿ ಕೇಸಿನ್ಯಾಗ ವಾಸನಿ ಹಿಡದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿದಾಕಿ. ಪೇಪರಿನ್ಯಾಗ ಅಕಿ ಫೋಟೋ ನೋಡಿ ನಾನೂ ಹೆಮ್ಮಿ ಪಟ್ಟಿದ್ದೆ. ಹಂಗ ಪಟ್ಟಾಕಿನ ಮರುದಿನ ಗುಂಡ್ಯಾನ್ನ ಕಂಬದಿಂದ ಎಳಕೊಂಡು ಬಂದಿದ್ದೆ, ನೋಡ್ರಿ ನಮ್ಮ ಬುದ್ಧಿ. ನಮ್ಮ ಕಡೆ ಮುಧೋಳದ ನಾಯಿ ಬ್ಯಾರೆ ಜಾತಿ. ಅವು ಕಣ್ಣಿನಿಂದ ಬ್ಯಾಟಿ ಹಿಡಿಯೋ ನಾಯಿ, ದೂರ ಓಡೋದನ್ನ ನೋಡಿ ಬೆನ್ನು ಹತ್ತತಾವ. ಆದ್ರ ಅವನ್ನೂ ಓಣ್ಯಾಗ ತಿರುಗಸ್ಲಿಕ್ಕೆ ಕರಕೊಂಡು ಹೋದ್ರ ಮೂಗು ನೆಲಕ್ಕ.

ಮೂಸಲಿಕ್ಕೆ ಬಿಟ್ರ ನಾಯಿ ಮನಸ್ಸಿಗೆ ಛಲೋ ಅನ್ನೋದನ್ನೂ ನೋಡ್ಯಾರ. ಫ್ರಾನ್ಸಿನ ಒಬ್ಬಾಕಿ ಮತ್ತ ಇದ ಹೊರೊವಿಟ್ಜ್ ಅವರು 2019ರಾಗ, ಎರಡು ವಾರ ದಿನಾ ಮೂಸಿ ಹುಡುಕೋ ಆಟ ಆಡಿದ ನಾಯಿಗಳನ್ನೂ, ಮಾಲಕರ ಬಾಜೂ ಶಿಸ್ತಿನಿಂದ ನಡಿಯೋದನ್ನ ಕಲ್ತ ನಾಯಿಗಳನ್ನೂ ಹೋಲಿಸಿದ್ರು. ತಿನಿಸು ಇರಬಹುದು, ಇಲ್ಲದೂ ಇರಬಹುದು ಅನ್ನೋ ಬಟ್ಟಲದ ಕಡೆ, ಮೂಸಿದ ನಾಯಿಗಳು ಮೊದಲಿಗಿಂತ ಜೋರ್ ಹೋದ್ವು. ಅಂದ್ರ "ಇದ್ದರೂ ಇದ್ದೀತು" ಅನ್ನೋ ಆಶಾ ಹೆಚ್ಚಾತು. ನಾ ಗುಂಡ್ಯಾನೊಳಗ ಕಂಡಿದ್ದು ಇಷ್ಟ: ಎಳಕೊಂಡು ಬಂದ ದಿನ ಮಧ್ಯಾಹ್ನದ ತನಕ ಚಪ್ಪಲಿ ಕಡೀತಿದ್ದ. ಮನಸ್ಸು ತುಂಬಾ ಮೂಸಿ ಬಂದ ದಿನ ನೀರು ಕುಡದು ಮಲಗ್ತಾನ.

ಹಂಗಂತ ಸುಮ್ನ ಬಿಡ್ಲಿಕ್ಕೂ ಬರಂಗಿಲ್ಲ. ಇಲಿಗೆ ಇಟ್ಟ ಔಷಧ, ಕೋಳಿ ಎಲುಬು, ಒಡದ ಬಾಟ್ಲಿ ಎಲ್ಲಾ ಆ ಗಟಾರದ ಮೂಲ್ಯಾಗನ ಇರ್ತಾವ. ಮೂಸ್ಲಿ, ಬಾಯಿಗೆ ಹೋಗಬಾರದು. ನನ್ನ ಕಣ್ಣು ಅವನ ಬಾಯಿ ಮ್ಯಾಲೆ. ಧಾರವಾಡದ ಜಿಟಿಜಿಟಿ ಮಳ್ಯಾಗ ಹಸೀ ನೆಲದ ವಾಸನಿ ಹೆಚ್ಚು, ಅಂವಂಗ ಹಬ್ಬ, ಆದ್ರ ಹುಲ್ಲಿನಾಗ ಉಣ್ಣಿ ಹೆಚ್ಚು. ಮನಿಗೆ ಬಂದು ಕಿವಿ ಒಳಗ, ಬೆರಳ ಸಂದ್ಯಾಗ ನೋಡಬೇಕು. ಬ್ಯಾಸಿಗ್ಯಾಗ ಆರಕ್ಕ ಮೊದಲ ಹೋಗ್ರಿ. ನಾಲಿಗಿ ಹೊರಗ ಹಾಕಿ ತೇಕೋ ನಾಯಿಗೆ ನೆಟ್ಟಗ ಮೂಸಲಿಕ್ಕೆ ಆಗಂಗಿಲ್ಲ.

ಈಗ ಕೌದಿ ಮಾತು. ಅದನ್ನ ಹೇಳಬೇಕು ಅಂತನ ಬರೀಲಿಕ್ಕೆ ಕೂತಿದ್ದೆ, ಇಷ್ಟು ದೂರ ಬಂತು.

ಅವ್ವ ತನ್ನ ಹಳೇ ಇಳಕಲ್ ಸೀರಿ, ಅಪ್ಪನ ಧೋತರ ಕೂಡಿಸಿ ತಾನ ಹೊಲದ ಕೌದಿ. ಅಕಿ ಹೋದ ಮ್ಯಾಲೆ ನಾ ಅದನ್ನ ಒಗೀಲಿಲ್ಲ. ಕೊಬ್ಬರಿ ಎಣ್ಣಿ, ಎಲಿಅಡಿಕಿ, ಊರ ಮನಿ ಒಲಿ ಹೊಗಿ, ಮೂರೂ ಕೂಡಿದ ಒಂದು ವಾಸನಿ ಅದರಾಗ ಇತ್ತು. ಟ್ರಂಕಿನ್ಯಾಗ ಮಡಿಚಿ ಇಟ್ಟು ತಿಂಗಳಿಗೊಮ್ಮೆ ಮುಚ್ಚಳ ತಗದು ಮಾರಿ ಇಟ್ಟು ಮುಚ್ಚತಿದ್ದೆ. ಯಾರಿಗೂ ಹೇಳಿದ್ದಿಲ್ಲ. ಜ್ವರ ಬಂದಾಗ ನನಗ ಥಂಡಿ ಅಂತ ನಮ್ಮನಿಯವರು ಅದನ್ನ ತಗದು ಹೊಚ್ಚಿದ್ರು. ಜ್ವರ ಇಳದ ಮ್ಯಾಲೆ, ಹಾಸಿಗಿ ಹೊದಿಕಿ ಎಲ್ಲಾ ಬಿಸಿನೀರಾಗ ಹಾಕ್ರಿ ಅಂತ ಯಾರೋ ಫೋನಿನ್ಯಾಗ ಹೇಳಿದ್ರು, ಅವರು ಪಾಪ ತಾವ ಕೂತು ಡೆಟಾಲ್ ಹಾಕಿ, ಸೋಡಾ ಹಾಕಿ, ಎರಡು ಸಲ ಒಗದು ಬಿಸಲಿಗೆ ಹಾಕಿದ್ರು. ನಂಗ ಮೂಗಿದ್ದಿಲ್ಲ. ಒಗದದ್ದು ಗೊತ್ತಾದ್ರೂ ಹೋದದ್ದು ಏನು ಅಂತ ಗೊತ್ತಾಗ್ಲಿಲ್ಲ. ಮೂಗು ಬಂದ ಮ್ಯಾಲೆ ಒಂದಿನ ಟ್ರಂಕ್ ತಗದೆ. ಸಾಬಣ. ಬರೇ ಸಾಬಣದ ವಾಸನಿ. ಅವರ ಮ್ಯಾಲೆ ಸಿಟ್ಟು ಮಾಡ್ಲಿಕ್ಕೂ ಬರಂಗಿಲ್ಲ, ಆ ಜ್ವರದಾಗ ಅವರಿಗೂ ಮೈಯಾಗ ಶಕ್ತಿ ಇದ್ದಿಲ್ಲ. ಎರಡು ದಿನ ಮಾತು ಬಿಟ್ಟೆ. ಯಾಕ ಅಂತ ಅವರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಇದನ್ನ ಓದಿದ್ರ ಈಗ ತಿಳೀತದ.

ಹೋದ ವಾರ ಬಿಸಲು ಛಲೋ ಬಿತ್ತು ಅಂತ ಕೌದಿ ತಗದು ಅಂಗಳದ ಕಟ್ಟಿ ಮ್ಯಾಲೆ ಹಾಸಿದೆ. ಗುಂಡ್ಯಾ ಬಂದ. ಒಂದು ದಂಡಿಯಿಂದ ಶುರು ಮಾಡಿದ, ಸಾವಕಾಶ, ಅಂಬಾಸಿಡರ್ ಗಾಲಿ ಮೂಸೋ ಹಂಗ ಫುಸ್ ಫುಸ್ ಅಲ್ಲ, ಸಣ್ಣಗ. ಹಸರು ಸೀರಿ ತುಂಡು ದಾಟಿ, ಧೋತರದ ತುಂಡು ದಾಟಿ, ತಲಿ ಕಡೆ ಬರೋ ಮೂಲಿಗೆ ಬಂದು ನಿಂತ. ಅಲ್ಲೆ ನಾಕೈದು ಪದರು ಬಟ್ಟಿ ಒಂದರ ಮ್ಯಾಲೊಂದು ಕೂಡಿ ದಪ್ಪ ಆಗೇದ. ಆ ದಪ್ಪನ್ನ ಮೂಗಿನಿಂದ ಒತ್ತಿ ಮೂಸಿದ. ಮತ್ತ ಮೂಸಿದ. ಬಾಲ ಎರಡು ಸಲ ಅಷ್ಟ ಅಲ್ಲಾಡಿತು. ಆಮ್ಯಾಲೆ ಅದ ಮೂಲಿಗೆ ಗದ್ದ ಇಟ್ಟು ಮಲಗಿದ.

ಅಂವ ಎದ್ದು ನೀರು ಕುಡೀಲಿಕ್ಕೆ ಹೋದಾಗ, ಯಾರೂ ಇಲ್ಲ ಅಂತ ನೋಡಿ, ನಾ ಬೊಗ್ಗಿ ಅದ ಮೂಲಿಗೆ ಮೂಗು ಹಚ್ಚಿದೆ. ಇಪ್ಪತ್ತು ಸೆಕೆಂಡು, ಡಾಕ್ಟರು ಹೇಳಿದ ಹಂಗ, ನೆನಸ್ಕೋತ. ಬಿಸಲಿನ ವಾಸನಿ ಬಂತು, ಸಾಬಣದ್ದು ಬಂತು, ಗುಂಡ್ಯಾನ ಜೊಲ್ಲಿನದೂ ಬಂತು. ಎದುರಿನ ಮನಿಯವರು ಗೇಟಿನ್ಯಾಗಿಂದ "ಏನ್ರೀ ವೈನಿ, ಏನರ ಕಳದದೇನು?" ಅಂದ್ರು. "ಏನಿಲ್ಲರೀ, ಕೌದಿ ಒಣಗೇದೇನೋ ನೋಡ್ಲಿಕತ್ತಿದ್ದೆ" ಅಂತ ಹೇಳಿ ಮಡಿಚಿ ಒಳಗ ತಂದೆ. ಗುಂಡ್ಯಾ ಬೆನ್ನು ಹತ್ತಿ ಬಂದ. ಟ್ರಂಕಿನ್ಯಾಗ ಇಡ್ಲಿಲ್ಲ ಈ ಸಲ, ಅವ್ವನ ಮಂಚದ ಕೆಳಗ ಹಾಸೀನಿ.